ಫೋನಿನಲ್ಲಿ ಬಂದ ಚಿಕ್ಕಪ್ಪನ ಶುಗರ್

ಬೆಳಗ್ಗೆ ಶುಗರ್ ಇನ್ನೂರ ಎಂಬತ್ತು ಇದ್ದ ಮನುಷ್ಯ ಮಧ್ಯಾಹ್ನ ಲೋ ಶುಗರ್ ಆಗಿ ಬೀಳುತ್ತಾನೆಯೇ? ಕಳೆದ ಭಾನುವಾರ ನನ್ನ ಕಣ್ಣೆದುರೇ ಬಿದ್ದರು, ನಲ್ಲೂರಿನ ನಮ್ಮ ಚಿಕ್ಕಪ್ಪ.

ಮಾತಾಡುತ್ತಾ ಕೂತಿದ್ದವರು ಇದ್ದಕ್ಕಿದ್ದಂತೆ ಬೆವೆತರು. ನಾಲಿಗೆ ತೊದಲಿತು. ನೋಡನೋಡುತ್ತಲೇ ಕುರ್ಚಿಯಿಂದ ಜಾರಿದರು. ನಾನೂ ಚಿಕ್ಕಮ್ಮನೂ ಹೇಗೋ ಕಾರಿಗೆ ಹಾಕಿಕೊಂಡು ಚನ್ನಗಿರಿಯ ಆಸ್ಪತ್ರೆಗೆ ಓಡಿದೆವು.

ಡಾಕ್ಟರ್ ಬೆರಳು ಚುಚ್ಚಿ ನೋಡಿದರೆ ಬರೀ ನಲವತ್ತೆರಡು. ತಕ್ಷಣ ಗ್ಲೂಕೋಸ್ ಏರಿಸಿದರು. ಚಿಕ್ಕಪ್ಪ ಕಣ್ಣು ಬಿಟ್ಟ ಮೇಲೆ ಡಾಕ್ಟರ್ ತಮ್ಮ ಮೊಬೈಲ್ ತೆಗೆದು ನೋಡಿ ದಂಗಾದರು.

(ಸ್ವಲ್ಪ ಹಿಂದಿನ ಕತೆ ಹೇಳಬೇಕು. ಪದೇ ಪದೇ ಬಸ್ ಹತ್ತಿ ಬರುವುದು ತಪ್ಪಲಿ ಎಂದು ಈ ಡಾಕ್ಟರೇ ಚಿಕ್ಕಪ್ಪನ ಫೋನಿಗೆ ಒಂದು ಆಪ್ ಹಾಕಿಕೊಟ್ಟಿದ್ದರು. ಮನೆಯಲ್ಲೇ ಮಷಿನ್‌ನಲ್ಲಿ ನೋಡಿ ರೀಡಿಂಗ್ ಕಳಿಸಿದರೆ, ಎಷ್ಟು ಮಾತ್ರೆ ನುಂಗಬೇಕೆಂದು ಮೆಸೇಜ್ ಬರುತ್ತಿತ್ತು. ರೀಡಿಂಗ್ ಏರುತ್ತಲೇ ಇತ್ತು, ಮಾತ್ರೆಯೂ ಏರುತ್ತಿತ್ತು. ಆ ರೀಡಿಂಗ್ ನಮ್ಮ ಫೋನುಗಳಿಗೂ ಬರುತ್ತಿದ್ದರಿಂದ ನಾವೆಲ್ಲ ಫೋನ್ ಮಾಡಿ ಚಿಕ್ಕಪ್ಪನಿಗೆ ಉಪದೇಶ ಕೊಟ್ಟಿದ್ದೇ ಕೊಟ್ಟಿದ್ದು.)

"ಬೆಳಗ್ಗೆ ಇನ್ನೂರ ಎಂಬತ್ತು ಅಂತ ಕಳಿಸಿದೀರಿ. ಮಷಿನ್ ಕೆಟ್ಟಿದೆಯಾ?" ಡಾಕ್ಟರ್ ಚಿಕ್ಕಮ್ಮನನ್ನು ಕೇಳಿದರು.

"ಮಷಿನ್ ಚೆನ್ನಾಗೈತೆ ರೀ. ಇವ್ರಿಗೆ ಸೂಜಿ ಕಂಡ್ರೆ ಆಗಲ್ಲ. ಚುಚ್ಚಾಕೆ ಹೋದ್ರೆ ಎದ್ದು ಹೋಗಿಬಿಡ್ತಾರೆ. ಅದಕ್ಕೆ ನನ್ನ ಬೆರಳೇ ಚುಚ್ಕೊಂಡು ನೋಡಿ ಕಳಿಸ್ತಿದ್ದೆ."

ಡಾಕ್ಟರ್ ಮೊಬೈಲ್ ಕೆಳಗಿಟ್ಟರು.

"ನಿಮ್ಮ ಶುಗರ್ ಅವರದ್ದು ಹೇಗಾಗುತ್ತಮ್ಮ?"

"ಇಬ್ರೂ ಉಣ್ಣಾದು ಒಂದೇ ಮುದ್ದೆ, ಒಂದೇ ಸಾರು. ಟೀಗೂ ಒಂದೇ ಡಬ್ಬಿ ಸಕ್ಕರೆ. ಮೈಯಾಗಿನ ಸಕ್ಕರೆ ಬ್ಯಾರೆ ಹೆಂಗಾಗತೈತೆ?"

ಯಾರೂ ನಗಲಿಲ್ಲ. ಚಿಕ್ಕಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು. (ಮಹಾಶಯರಿಗೆ ಎಲ್ಲ ಗೊತ್ತಿತ್ತು. ಚುಚ್ಚಿಸಿಕೊಳ್ಳುವ ಕಷ್ಟ ತಪ್ಪಿತಲ್ಲ ಎಂದು ಸುಮ್ಮನಿದ್ದರು. ಮೈಯೆಲ್ಲ ಉರಿದುಹೋಯಿತು ನನಗೆ.)

ಡಾಕ್ಟರ್ ದನಿ ತಗ್ಗಿಸಿದರು. "ಅಮ್ಮಾ, ಹಾಗಾದ್ರೆ ಆ ಇನ್ನೂರ ಎಂಬತ್ತು ನಿಮ್ದು. ನಿಮಗೂ ಶುಗರ್ ಇದೆ, ಇವರಿಗಿಂತ ಜಾಸ್ತಿ. ಇಷ್ಟು ದಿನ ಒಂದು ಮಾತ್ರೆಯೂ ಇಲ್ಲದೆ ಇದ್ದೀರಿ."

"ನಂದಿರ್ಲಿ ಬಿಡ್ರಿ. ಮೊದ್ಲು ಇವ್ರನ್ನ ನೋಡ್ರಿ" ಎಂದರು ಚಿಕ್ಕಮ್ಮ.

ತಿಂಗಳುಗಟ್ಟಲೆ ಆಕೆಯ ಕಾಯಿಲೆ ಫೋನಿನಲ್ಲಿ ಬರುತ್ತಿತ್ತು. ಅದನ್ನು ನೋಡಿ ನಾವು ಚಿಕ್ಕಪ್ಪನ ಆರೋಗ್ಯ ವಿಚಾರಿಸುತ್ತಿದ್ದೆವು. ಬೆರಳು ಯಾರದ್ದೆಂದು ಆಪ್‌ಗೆ ತಿಳಿಯದು, ಒಪ್ಪಿದೆ. ಆದರೆ ಆಕೆ ಸೊರಗಿದ್ದು, ಗಳಿಗೆಗೊಮ್ಮೆ ನೀರು ಕುಡಿಯುತ್ತಿದ್ದುದು ಊರಿಗೆ ಹೋದಾಗಲೆಲ್ಲ ನಮ್ಮ ಕಣ್ಣಿಗೆ ಕಾಣುತ್ತಿತ್ತಲ್ಲ?

"ನಿಮಗೆ ಹೇಗಿದೆ ಚಿಕ್ಕಮ್ಮ" ಎಂದು ಒಬ್ಬರಾದರೂ ಕೇಳಿದೆವಾ?