ಹೂಂ ಅಂದವರು, ಮಾತ್ರೆ ತಿಂದವರು

ತೊಂಬತ್ತರ ದಶಕದ ಕೊನೆಯಲ್ಲಿ, ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕುಮಟಾದ ಮನೆಯಲ್ಲಿ ಕೆಲಸಕ್ಕಾಗಿ ಕಾಯುತ್ತಿದ್ದೆ. ಆಗ ಭಟ್ಕಳ ಕಡೆಯ ವೈದ್ಯರೊಬ್ಬರು ಒಂದು ಸಣ್ಣ ಅಧ್ಯಯನಕ್ಕೆ ನನ್ನನ್ನು ಕರೆದರು. ಬಸುರಿಯರು ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ತಿನ್ನುತ್ತಾರೆಯೇ ಎಂಬುದು ಅವರ ಪ್ರಶ್ನೆ. ಶಿರಾಲಿ ಕಡೆ ನರ್ಸಬಾಯಿಯೊಬ್ಬರು ವಾರಕ್ಕೊಮ್ಮೆ ಮನೆಗೇ ಹೋಗಿ ವಿಚಾರಿಸುತ್ತಿದ್ದರು. ಹೆಬಳೆ ಕಡೆ ಮಾತ್ರೆ ಕೊಟ್ಟು ಕಳಿಸುವುದಷ್ಟೇ. ಎರಡೂ ಕಡೆ ಮಾತ್ರೆ ತಿನ್ನುವವರ ಪ್ರಮಾಣದಲ್ಲಿ ನಿಜವಾದ ವ್ಯತ್ಯಾಸವಿದೆಯೇ, ಇಲ್ಲ ಅದು ಬರೀ ಆಕಸ್ಮಿಕವೇ ಎಂದು ನಾನು ಹೇಳಬೇಕಿತ್ತು.

ನರ್ಸಬಾಯಿ ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರು. ನನ್ನನ್ನು ತಂಗಿ ಎಂದೇ ಕರೆದರು. ಇಬ್ಬರೂ ಎರಡೂ ಊರುಗಳಲ್ಲಿ ಮನೆ ಮನೆ ಸುತ್ತಿದೆವು. ಅವರು ಕೇಳುವುದು, ನಾನು ಬರೆದುಕೊಳ್ಳುವುದು. ಲೆಕ್ಕ ಹಾಕಿದಾಗ ಶಿರಾಲಿ ಬಹಳ ಮುಂದಿತ್ತು. ವ್ಯತ್ಯಾಸವೇ ಇಲ್ಲವೆಂದು ಹಿಡಿದು ಪರೀಕ್ಷಿಸಿದರೆ ಇಷ್ಟು ಅಂತರ ಆಕಸ್ಮಿಕವಾಗಿ ಬರುವುದು ತೀರ ಅಪರೂಪ ಎಂದು ಉತ್ತರ ಬಂತು. ನಿಮ್ಮ ಶ್ರಮ ಗೆದ್ದಿತು ಅಕ್ಕಾ ಎಂದು ಹಿಗ್ಗಿನಿಂದ ಹೇಳಿದೆ.

ಅವರು ಹಿಗ್ಗಲಿಲ್ಲ. "ತಂಗೀ, ನಂಗೆ ಬೇಜಾರಾಗೂದು ಬೇಡ ಅಂತ ಹೂಂ ಅಂದವ್ರೂ ಇರ್ತಾರೆ. ಉಳದ ಮಾತ್ರೆ ಎಣಸ್ವ" ಎಂದರು.

ನನಗೆ ಒಳಗೊಳಗೇ ಸಿಟ್ಟು. ವರದಿ ಅರ್ಧ ಬರೆದಾಗಿತ್ತು. ಆದರೂ ಎರಡೂ ಊರುಗಳನ್ನು ಮತ್ತೆ ಸುತ್ತಿದೆವು. ಶಿರಾಲಿಯ ಒಂದು ಮನೆಯಲ್ಲಿ ಎಳೆಯ ಹೆಂಗಸೊಬ್ಬಳು ಅಕ್ಕಿ ಡಬ್ಬಿಯ ಹಿಂದಿನಿಂದ ಪೊಟ್ಟಣ ತಂದಳು. ಬಿಚ್ಚಿಯೇ ಇರಲಿಲ್ಲ.

"ತಿಂದ್ರೆ ವಾಂತಿ ಬತ್ತದೆ," ಎಂದಳು ತಲೆ ತಗ್ಗಿಸಿ. "ನೀವು ಬಿಸಲಲ್ಲಿ ಅಷ್ಟು ದೂರ ನಡ್ಕಂಡು ಬತ್ರಿ. ಇಲ್ಲ ಅನ್ನೂಕೆ ಮನಸಾಗ್ಲಿಲ್ಲ."

ನರ್ಸಬಾಯಿ ಗದರಲಿಲ್ಲ. ಜಗಲಿಯ ಮೇಲೆ ಅವಳ ಪಕ್ಕದಲ್ಲೇ ಕೂತು, ಬರಿಹೊಟ್ಟೆಯಲ್ಲಿ ಬೇಡ, ಊಟವಾದ ಮೇಲೆ ತಿಂದು ನೋಡು, ಆಗಲೂ ವಾಂತಿ ಬಂದರೆ ನನಗೆ ಹೇಳು ಎಂದರು.

ಎಣಿಸಿದ ಮೇಲೆ ಅಂತರ ಕುಗ್ಗಿತು. ಉಳಿದಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದಿತ್ತು. ಮನೆಭೇಟಿಯಿಂದ ಪ್ರಯೋಜನವಿಲ್ಲ ಎಂದು ಅದರ ಅರ್ಥವಲ್ಲ. ಇದೆ ಎನ್ನುವಷ್ಟು ಆಧಾರ ನಮ್ಮ ಬಳಿ ಇರಲಿಲ್ಲ. ಅದನ್ನು ನರ್ಸಬಾಯಿಗೆ ಹೇಳಲು ನನಗೇ ಸಂಕೋಚವಾಯಿತು. ಅವರು ಎಷ್ಟು ವರ್ಷ ನಡೆದ ದಾರಿ ಅದು!

"ಆತು, ಇದ್ದದ್ದು ಇದ್ದಂಗೆ ಬರಿ," ಎಂದರು. ಅಂದಿನಿಂದ ಮನೆಗಳಲ್ಲಿ ತಿಂದಿರಾ ಎಂದು ಕೇಳುವುದನ್ನು ಬಿಟ್ಟು, ತಿಂದರೆ ಏನಾಗುತ್ತದೆ ಎಂದು ಕೇಳತೊಡಗಿದರು. ಡಾಕ್ಟರರೂ ವರದಿಯನ್ನು ಹಾಗೆಯೇ ಒಪ್ಪಿಕೊಂಡರು.

ಮುಂದೆ ಹೊನ್ನಾವರದಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ಲೆಕ್ಕಕ್ಕೆ ಕೈಹಾಕುವ ಮೊದಲು, ಕೇಳಿದವರು ಯಾರು, ಉತ್ತರ ಕೊಟ್ಟವರು ಯಾರು ಎಂದು ಮಕ್ಕಳಿಂದ ಬರೆಸುತ್ತೇನೆ. ಇದು ನನಗೆ ಪುಸ್ತಕದಿಂದ ಬಂದದ್ದಲ್ಲ. ನರ್ಸಬಾಯಿ ನಿವೃತ್ತರಾದ ಮೇಲೆ ಒಮ್ಮೆ ಶಿರಾಲಿಗೆ ಹೋಗಿ ಅವರಿಗೆ ಇದನ್ನು ಹೇಳಿದೆ. ಅವರು ನಕ್ಕು, ಅದರಲ್ಲಿ ಎಂತ ಅದೆ ಎಂದರು. ಊಟ ಮಾಡಿಸದೆ ಕಳಿಸುವುದಿಲ್ಲವೆಂದು ಮೀನು ಹೆಚ್ಚಲು ಕೂತರು.