ಮಂಗಳವಾರ ಪಟ್ಟಿ ಯಾರ ಎದೆಯ ಮೇಲಿತ್ತು

ಆ ಪಟ್ಟಿಯ ತೂಕ ಹನ್ನೊಂದು ಗ್ರಾಂ. ಹಿಂಬದಿಯ ಕಾಗದ ಸುಲಿದು, ಎಡ ಎದೆಯ ಮೇಲೆ ಸ್ವಲ್ಪ ಓರೆಯಾಗಿ ಅಂಟಿಸಿ, ಅಂಗೈಯಿಂದ ಹದಿನೈದು ಸೆಕೆಂಡ್ ಒತ್ತಿ ಹಿಡಿಯಬೇಕು. ಆಮೇಲೆ ಐದು ದಿನ ಅದು ಹೃದಯದ ಒಂದೊಂದು ಬಡಿತವನ್ನೂ ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ಪಟ್ಟಿ ವಾಪಸು ಬಂದ ಮೇಲೆ ಆ ದಾಖಲೆಯನ್ನು ಕಂಪ್ಯೂಟರಿಗೆ ಇಳಿಸಿ, ಯಾರಾದರೂ ಕೂತು ಓದಿ, ಪಟ್ಟಿ ಬರೆದುಕೊಟ್ಟ ಆಸ್ಪತ್ರೆಗೆ ವರದಿ ಕಳಿಸಬೇಕು.

ಹಾಗೆ ಓದುವುದು ನನ್ನ ಕೆಲಸವಾಗಿತ್ತು. ಕಾಲೇಜಿನಲ್ಲಿ ವೈದ್ಯಕೀಯ ಉಪಕರಣಗಳ ಎಂಜಿನಿಯರಿಂಗ್ ಕಲಿತವಳು ನಾನು. ಅಳತೆಗೆ ಸಿಗದ್ದನ್ನು ನಂಬುವ ಅಭ್ಯಾಸ ನನಗಿರಲಿಲ್ಲ. ಹಾಸ್ಟೆಲಿನಲ್ಲಿ ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ ಎದ್ದು ಹೋಗುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಗಂಟೆ ಎಷ್ಟಾಗಿತ್ತು, ಬೇರೆ ಯಾರು ನೋಡಿದರು ಎಂದು ಮನಸ್ಸಿನಲ್ಲೇ ಕೇಳಿಕೊಂಡು ಆ ಕತೆಯನ್ನು ಪಕ್ಕಕ್ಕಿಡುತ್ತಿದ್ದೆ. ಈಗ ನಾನು ಬರೆಯುತ್ತಿರುವುದನ್ನು ನೀವೂ ಪಕ್ಕಕ್ಕಿಟ್ಟರೆ ನನಗೆ ಬೇಸರವಿಲ್ಲ. ಆದರೆ ಗಂಟೆ, ಜಾಗ, ಜನ ಮೂರನ್ನೂ ನೆನಪಿರುವಷ್ಟು ಸರಿಯಾಗಿ ಬರೆಯುತ್ತೇನೆ. ಅಷ್ಟು ಮಾತ್ರ ನನ್ನಿಂದಾಗುವುದು.

ಕಂಪನಿ ಇದ್ದದ್ದು ಕೊಯಮತ್ತೂರಿನ ಪೀಳಮೇಡಿನಲ್ಲಿ, ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ. ನಾನು ದಾವಣಗೆರೆಯಿಂದ ಬಂದು ಸೇರಿದಾಗ ನಾವು ಹದಿನೆಂಟು ಜನ ಓದುವವರಿದ್ದೆವು. ಸೇರಿದ ದಿನವೇ ಮೂರು ವರ್ಷ ಬಿಡುವುದಿಲ್ಲವೆಂದು ಬರೆಸಿಕೊಂಡು, ನಮ್ಮ ಅಂಕಪಟ್ಟಿ, ಪದವಿ ಪತ್ರಗಳ ಮೂಲ ಪ್ರತಿಗಳನ್ನು ಕವರಿಗೆ ಹಾಕಿ, ಮೇಲೆ ಹೆಸರು ಬರೆದು, ಮ್ಯಾನೇಜರ್ ಕೋಣೆಯ ಬೀರುವಿನಲ್ಲಿಟ್ಟರು. ಎಲ್ಲರೂ ಕೊಡುತ್ತಿದ್ದರು, ನಾನೂ ಕೊಟ್ಟೆ. ಅಪ್ಪನಿಗೆ ಇದನ್ನು ಹೇಳಲಿಲ್ಲ.

ಕೆಲಸ ಮಾತ್ರ ನನಗೆ ಇಷ್ಟವಾಗಿತ್ತು. ಉಡುಮಲೈ, ಮಡತ್ತುಕುಳಂ ಕಡೆ ಮನೆಯಲ್ಲಿ ಕನ್ನಡವಾಡುವ ಎಷ್ಟೋ ಕುಟುಂಬಗಳಿವೆ. ತಲೆಮಾರುಗಳ ಹಿಂದೆ ಬಂದು ನೆಲೆಸಿದವರು. ಓದು ಬರಹವೆಲ್ಲ ತಮಿಳು, ಒಲೆ ಮುಂದಿನ ಮಾತು ಕನ್ನಡ. ಅವರ ಫೋನುಗಳು ನನ್ನ ಮೇಜಿಗೆ ಬರುತ್ತಿದ್ದವು, ಕಟ್ಟಡದಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ.

ಪಟ್ಟಿ ಹೋದ ಮನೆಗಳಲ್ಲೆಲ್ಲ ಒಂದು ತೊಂದರೆಯಿತ್ತು. ಕನ್ನಡದವರಾಗಲಿ ತಮಿಳರಾಗಲಿ, ಒಬ್ಬರಿಗೆ ಕೊಟ್ಟ ಪಟ್ಟಿಯನ್ನು ಇಡೀ ಮನೆ ಹಂಚಿಕೊಳ್ಳುತ್ತಿತ್ತು. ಐದು ದಿನಕ್ಕೆ ಕೊಟ್ಟಿದ್ದಾರೆ, ನನಗೆ ಮೂರು ದಿನ ಸಾಕು, ಉಳಿದ ಎರಡು ದಿನ ನಾದಿನಿಗಿರಲಿ ಎಂಬ ಲೆಕ್ಕ. ಒಬ್ಬಾಕೆ ಮದುವೆಗೆ ಹೊರಟಾಗ ರವಿಕೆಯಲ್ಲಿ ಕಾಣುತ್ತದೆಂದು ಅತ್ತೆಗೆ ಅಂಟಿಸಿ ಹೋಗಿದ್ದಳು. ದಾಖಲೆಯಲ್ಲಿ ಇದು ಗೊತ್ತಾಗುತ್ತದೆ. ಬಡಿತದ ಅಲೆಯ ಎತ್ತರ ಬದಲಾಗುತ್ತದೆ, ವೇಗ ಬದಲಾಗುತ್ತದೆ. ಇದು ಬೇರೆ ಮನುಷ್ಯ ಅನ್ನಿಸುತ್ತದೆ. ನನ್ನ ಪಕ್ಕದ ಮೇಜಿನ ಸೆಲ್ವಿ ಅದಕ್ಕೆ ಬಾಡಿಗೆ ಎದೆ ಎಂದು ಹೆಸರಿಟ್ಟಿದ್ದಳು. ಅಂಥದ್ದು ಸಿಕ್ಕಾಗ ನಾವು ಮನೆಗೆ ಫೋನ್ ಮಾಡಿ, ಇಂಥ ದಿನ ಪಟ್ಟಿ ಯಾರ ಎದೆಯ ಮೇಲಿತ್ತು ಎಂದು ಕೇಳಬೇಕು. ಮೊದಲು ಎಲ್ಲರೂ ಸುಳ್ಳು ಹೇಳುತ್ತಾರೆ. ಗದರಿಸದೆ ಎರಡನೇ ಸಲ ಕೇಳಿದರೆ ನಿಜ ಹೇಳುತ್ತಾರೆ.

ಎರಡನೇ ವರ್ಷ ಕಂಪನಿ ಕುಸಿಯತೊಡಗಿತು. ಹದಿನೆಂಟು ಜನ ಒಂಬತ್ತಾದರು, ಆಮೇಲೆ ಸೆಲ್ವಿ ಮತ್ತು ನಾನು ಇಬ್ಬರೇ. ನಮ್ಮ ವರದಿಗಳನ್ನು ನೋಡಬೇಕಾಗಿದ್ದ ಕಂಪನಿಯ ಡಾಕ್ಟರು ಬರುವುದು ನಿಲ್ಲಿಸಿದರು. ಕೊನೆಗೆ, ದಾಖಲೆಯನ್ನು ಮೊದಲೇ ಜಾಲಾಡಿ ಅಪಾಯವಿದ್ದ ಕಡೆ ಕೆಂಪು ಗುರುತು ಹಾಕುತ್ತಿದ್ದ ಸಾಫ್ಟ್‌ವೇರ್ ಸೇವೆಯೂ ನಿಂತುಹೋಯಿತು. ಇದನ್ನು ಯಾವ ಆಸ್ಪತ್ರೆಗೂ ತಿಳಿಸಲಿಲ್ಲ. ಪರದೆಯ ಮೇಲೆ ಎಲ್ಲರ ಹೆಸರಿನ ಮುಂದೆಯೂ ಕೆಂಪು ಇಲ್ಲ ಎಂದೇ ಬರುತ್ತಿತ್ತು. ಕೆಂಪು ಹಾಕುವವರೇ ಇಲ್ಲ ಎಂಬುದು ನಮಗೆ ಮಾತ್ರ ಗೊತ್ತಿತ್ತು.

ಒಂದು ಗುರುವಾರ ಸಂಜೆ ಸೆಲ್ವಿ ಐದೂವರೆಯ ಬಸ್ಸಿಗೆ ಹೋದ ಮೇಲೆ ಮ್ಯಾನೇಜರ್ ಮುರಳೀಧರನ್ ಅವರು ನನ್ನನ್ನು ತಮ್ಮ ಕೋಣೆಗೆ ಕರೆದರು. ಕೆಟ್ಟ ಮನುಷ್ಯರೆಂದು ನಾನು ಹೇಳಲಾರೆ. ಅವರ ಮೇಲಿನವರು ಫೋನ್ ಎತ್ತುವುದನ್ನು ಬಿಟ್ಟು ತಿಂಗಳಾಗಿತ್ತು. ಮೂವತ್ತೊಂದು ವರದಿಗಳು ಬಾಕಿಯಿದ್ದವು. ಬೆಳಗಾಗುವುದರೊಳಗೆ ಹೋಗದಿದ್ದರೆ ಉಳಿದ ಎರಡು ಆಸ್ಪತ್ರೆಗಳೂ ಕೈಬಿಡುತ್ತವೆ ಎಂದರು. ಒಂದು ದಾಖಲೆ ಓದಲು ಕಡಿಮೆಯೆಂದರೂ ನಲವತ್ತು ನಿಮಿಷ ಬೇಕು ಎಂದೆ. ಕೆಂಪು ಇಲ್ಲವಲ್ಲಮ್ಮಾ, ಎಲ್ಲ ಸಹಜ ಅಂತ ಹಾಕಿ ಒಟ್ಟಿಗೆ ಸಹಿ ಮಾಡಿ ಎಂದರು. ಕೆಂಪು ಯಾಕಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ನಾನು ಸಹಿ ಹಾಕಲಿಲ್ಲ. ಅವರು ಎದ್ದು ಬೀರು ತೆಗೆದು, ನನ್ನ ಹೆಸರಿದ್ದ ಕವರನ್ನು ತಂದು ನಮ್ಮಿಬ್ಬರ ನಡುವೆ ಮೇಜಿನ ಮೇಲಿಟ್ಟರು.

"ಸೈನ್ ಪೋಡುಂಗ ಮಾ," ಎಂದರು ಮೆಲ್ಲಗೆ. ಸಹಿ ಹಾಕಿಬಿಡಿ ಎಂದು ಬೇಡುವ ಧಾಟಿಯಲ್ಲಿ.

ಆರು ಗಂಟೆಯಿಂದ ಏಳೂಕಾಲಿನವರೆಗೆ ನಾನು ಆ ಕುರ್ಚಿಯಿಂದ ಏಳಲಿಲ್ಲ. ರೋಗಿಗಳ ವಿಷಯ ಹೊರಗೆ ಹೋಗಬಾರದೆಂದು ನಮ್ಮ ಮೊಬೈಲುಗಳನ್ನು ಬೆಳಿಗ್ಗೆಯೇ ಬಾಗಿಲಲ್ಲಿ ಇಸಿದುಕೊಂಡಿರುತ್ತಿದ್ದರು. ಹೊರಗಿನ ಹಾಲಿನಲ್ಲಿ ಯಾರೂ ಇರಲಿಲ್ಲ, ಕರೆಂಟು ಉಳಿಸಲು ದೀಪ ಆರಿಸಿದ್ದರು. ಮೂವತ್ತೊಂದು ಹೆಸರುಗಳು ಅವರ ಕಂಪ್ಯೂಟರಿನ ಪರದೆಯ ಮೇಲಿದ್ದವು. ಎಲ್ಲಕ್ಕೂ ಸೇರಿ ಒಂದೇ ಗುಂಡಿ. ಆರು ನಲವತ್ತಮೂರಕ್ಕೆ ನಾನು ಅದನ್ನು ಒತ್ತಿದೆ. ಸಮಯವನ್ನು ನಾನು ಊಹಿಸಿ ಹೇಳುತ್ತಿಲ್ಲ, ಸಹಿಯ ಜೊತೆಗೇ ಅದು ದಾಖಲಾಗಿದೆ. ಒತ್ತಿದ ಮೇಲೂ ಅರ್ಧ ಗಂಟೆ ಆಸ್ಪತ್ರೆಗಳಿಗೆ ಪತ್ರ ಬರೆಸಿಕೊಂಡರು. ಸೋಮವಾರ ಕೊಡುತ್ತೇನೆ ಎಂದು ಕವರನ್ನು ತಿರುಗಿ ಬೀರುವಿನಲ್ಲಿಟ್ಟರು. ಚೀಲ ತೆಗೆದುಕೊಳ್ಳಲು ಹಾಲಿಗೆ ಹೋದಾಗ ನನ್ನ ಮೇಜಿನ ಮೇಲೆ ಏನೂ ಬದಲಾಗಿರಲಿಲ್ಲ. ಹಾಸ್ಟೆಲಿಗೆ ಹೋಗಿ ಊಟ ಮಾಡದೆ ಮಲಗಿದೆ.

ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ನನ್ನ ಮೇಜಿನ ಫೋನ್ ರಿಂಗಾಯಿತು. ಮಡತ್ತುಕುಳಂನ ನಂಜಮ್ಮಾಳ್. ದನದ ಹಿಂಡಿ ಮಾರುವ ಅಂಗಡಿಯವರು, ಅರವತ್ತರ ಮೇಲಿನ ಹೆಂಗಸು. ಪಟ್ಟಿ ಅಂಟಿಸುವ ದಿನ ನಾನು ಅವರೊಡನೆ ಒಮ್ಮೆ ಫೋನಿನಲ್ಲಿ ಮಾತಾಡಿದ್ದೆ. ಮೂವತ್ತೊಂದು ಹೆಸರುಗಳಲ್ಲಿ ಅವರದೂ ಇತ್ತು.

"ಅಮ್ಮಣೀ, ನೀ ಹೇಳ್ದಂಗೇ ಆಸ್ಪತ್ರೆಗೆ ಕರ್ಕೊಂಡ್ ಬಂದ್ಬುಟ್ಟೋ," ಎಂದರು. "ಇವ್ರು ಒಳಗವ್ರೆ. ಇಲ್ಲಿ ಬಂದು ಚೀಟಿ ಬರ್ಸೋವಾಗ್ಲೇ ಬಿದ್ರು, ಡಾಕ್ಟ್ರು ಕಣ್ಮುಂದೆ. ಈಗ ಏನೋ ವಯರು ಇಟ್ಟವ್ರೆ, ಪರವಾಗಿಲ್ಲ ಅಂತವ್ರೆ."

ಯಾರು ಹೇಳಿದ್ದು ಎಂದು ಕೇಳಿದೆ.

"ಯಾರಂದ್ರೆ? ನೀ ತಾನೇ. ನೆನ್ನೆ ದೀಪ ಹಚ್ಚೋ ಹೊತ್ಗೆ. ಮಂಗಳವಾರ ಪಟ್ಟಿ ಯಾರ ಎದೆ ಮೇಲಿತ್ತಮ್ಮಾ ಅಂತ ಕೇಳ್ದೆ. ನನ್ದೇ ಎದೆ ಮೇಲೆ ಅಂತ ನಾ ಸುಳ್ಳು ಹೇಳ್ದೆ, ಭಯ ನಂಗೆ. ನೀ ಬೈಲಿಲ್ಲ ಅಮ್ಮಣೀ. ಇನ್ನೊಂದ್ ಕಿತ ಕೇಳ್ದೆ."

ಅವರು ಮುಂದುವರಿಸಿದರು. ಮೂಟೆ ಎತ್ತುವಾಗ ಗಂಡನಿಗೆ ತಲೆ ಸುತ್ತುತ್ತಿತ್ತಂತೆ, ಆಸ್ಪತ್ರೆಯೆಂದರೆ ಮೈಲಿ ದೂರ ಓಡುವ ಮನುಷ್ಯ. ಹೇಗೂ ಪಟ್ಟಿಯಿದೆಯಲ್ಲ ಎಂದು ಮಂಗಳವಾರ ಒಂದು ದಿನ ಅವರಿಗೆ ಅಂಟಿಸಿದ್ದರಂತೆ. ಅದನ್ನು ಕೇಳಿದ ಮೇಲೆ ನಾನು, ಹೌದು, ಅವರ ಮಾತಿನಲ್ಲಿ ನಾನು, ಇವತ್ತೇ ಹೊರಡಿ, ಬಸ್ಸು ಬೇಡ, ಕಾರು ಹಿಡಿಯಿರಿ, ಯಜಮಾನರನ್ನು ಮೆಟ್ಟಿಲು ಹತ್ತಿಸಬೇಡಿ ಎಂದೆನಂತೆ.

ರಿಸೀವರ್ ಇಟ್ಟು ನಂಜಮ್ಮಾಳ್ ಅವರ ದಾಖಲೆಯನ್ನು ತೆರೆದೆ. ಮೊದಲ ಮೂರು ದಿನ ಒಂದೇ ಹೃದಯ, ಸಣ್ಣ ಅಲೆ, ತುಸು ವೇಗ. ಮಂಗಳವಾರ ಬೆಳಿಗ್ಗೆ ಎಂಟರಿಂದ ಎತ್ತರದ, ನಿಧಾನದ ಬೇರೆಯೇ ಅಲೆ. ಮಧ್ಯಾಹ್ನ ಎರಡು ಗಂಟೆ ಹದಿನಾಲ್ಕು ನಿಮಿಷಕ್ಕೆ ಅದು ನಿಂತಿತ್ತು. ಆರು ಸೆಕೆಂಡ್ ಒಂದು ನೇರ ಗೆರೆ, ಆಮೇಲೆ ಮತ್ತೆ ಬಡಿತ. ಬುಧವಾರ ಬೆಳಿಗ್ಗೆಯಿಂದ ಮೊದಲಿನ ಹೃದಯ. ಅವಸರದಲ್ಲಿ ಗೆರೆಯನ್ನಷ್ಟೇ ಕಂಡು ವರದಿ ಕಳಿಸಿದ್ದರೆ ಡಾಕ್ಟರು ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿಕೊಂಡು ಗಂಡನನ್ನು ಅಂಗಡಿಗೆ ಕಳಿಸುತ್ತಿದ್ದರು. ಆ ಪ್ರಶ್ನೆ ಕೇಳಲೇಬೇಕಿತ್ತು. ಕೇಳಿದ್ದೂ ಆಗಿತ್ತು.

ಯಾವ ದಾಖಲೆಯನ್ನು ಯಾರು, ಯಾವಾಗ ತೆರೆದರು ಎಂಬುದು ನಮ್ಮಲ್ಲಿ ದಾಖಲೆಯ ಕೆಳಗೇ ಬರುತ್ತದೆ. ಅಲ್ಲಿ ಒಂದೇ ಸಾಲಿತ್ತು: ನನ್ನ ಹೆಸರು, ಆ ದಿನದ ತಾರೀಖು, ಹತ್ತು ಗಂಟೆ ಹತ್ತೊಂಬತ್ತು ನಿಮಿಷ. ಅದಕ್ಕೂ ಮೊದಲು ಅದನ್ನು ಯಾರೂ ತೆರೆದಿರಲಿಲ್ಲ.

ಸಂಜೆ ಆಸ್ಪತ್ರೆಗೆ ಹೋದೆ. ನಂಜಮ್ಮಾಳ್ ನನ್ನನ್ನು ನೋಡಿರಲೇ ಇಲ್ಲ. ನಾನು ಬಾಯಿ ತೆರೆದ ಮೇಲೆ ದನಿಯಿಂದ ಗುರುತು ಹಿಡಿದು ಎರಡೂ ಕೈ ಹಿಡಿದುಕೊಂಡರು. ಅವರ ಯಜಮಾನರು ಎಚ್ಚರವಾಗಿದ್ದರು. "ಇವಳು ಪಟ್ಟಿ ಅಂಟ್ಸಿದ್ಮೇಲೇ ನಂಗೆ ಸೀಕು ಬಂದದ್ದು. ಅಲ್ಲೀಗಂಟ ಚೆಂದಾಗೇ ಇದ್ದೆ," ಎಂದು ನನಗೆ ದೂರು ಹೇಳಿದರು. ಸುಮ್ಮನೆ ಮಲಗಿ, ಹಿಂಡಿ ಮೂಟೆ ಹೊತ್ತದ್ದು ಸಾಕು ಎಂದು ಆಕೆ ಗದರಿದರು.

ನಾನು ಅವರ ಫೋನ್ ಕೇಳಿದೆ. ಗುಂಡಿಗಳಿರುವ ಹಳೆಯ ಫೋನ್. ಅವರಿಗೆ ಅದರಲ್ಲಿ ಓದಲು ಬಾರದು, ನನಗೇ ಕೊಟ್ಟರು. ಬಂದ ಕರೆಗಳಲ್ಲಿ ಗುರುವಾರ ಸಂಜೆ ಆರು ನಲವತ್ತೊಂದಕ್ಕೆ ಒಂದು ಕರೆಯಿತ್ತು. ನಾಲ್ಕು ನಿಮಿಷ ಮಾತಾಗಿತ್ತು. ಬಂದದ್ದು ನನ್ನ ಮೇಜಿನ ನಂಬರಿನಿಂದ. ಅಂದರೆ ಮ್ಯಾನೇಜರ್ ಕೋಣೆಯಲ್ಲಿ ನಾನು ಸಹಿಯ ಗುಂಡಿ ಒತ್ತಿದಾಗ ಆ ಮಾತು ಅರ್ಧ ನಡೆದಿತ್ತು.

ಆ ಪುಟ್ಟ ಪರದೆಯನ್ನು ನೋಡುತ್ತಾ ನಿಂತಾಗ ನನಗಾದದ್ದು ಭಯವಲ್ಲ, ನಾಚಿಕೆ. ಆಕೆ ನನ್ನ ಕೈ ಬಿಟ್ಟಿರಲಿಲ್ಲ. ನಾನಲ್ಲ ಅಮ್ಮ, ನಾನು ನಿಮ್ಮದನ್ನು ಓದಿಯೇ ಇರಲಿಲ್ಲ ಎಂದೆ.

"ಮತ್ತೆ ಯಾರು? ಅದೇ ದನಿ ತಾನೇ," ಎಂದರು.

ಯಾರೆಂಬುದನ್ನು ಆಮೇಲೆ ಹುಡುಕಿ ನೋಡಿದ್ದೇನೆ. ಸೆಲ್ವಿಯನ್ನು ಕೇಳಿದ್ದೇನೆ, ಅವಳು ಆ ಹೊತ್ತಿಗೆ ಬಸ್ಸಿನಲ್ಲಿದ್ದಳು, ಅವಳಿಗೆ ಬರುವ ಕನ್ನಡ ನಾನು ಕಲಿಸಿದ ಮೂರು ಮಾತು. ನಾನೇ ನನಗರಿವಿಲ್ಲದೆ ಎದ್ದು ಹೋಗಿದ್ದೆನೇನೋ ಎಂದು ಬಹಳ ದಿನ ಅನುಮಾನವಿತ್ತು. ಮುರಳೀಧರನ್ ಅವರನ್ನು ವರ್ಷದ ನಂತರ ಉಕ್ಕಡಂ ಬಸ್ ನಿಲ್ದಾಣದಲ್ಲಿ ಕಂಡಾಗ ಅದನ್ನೂ ಕೇಳಿದೆ. ನೀವು ಕುರ್ಚಿ ಬಿಟ್ಟು ಏಳಲಿಲ್ಲ, ನೀರು ಬೇಕಾ ಎಂದಾಗಲೂ ಬೇಡವೆಂದಿರಿ ಎಂದರು. ಅಷ್ಟು ಹೊತ್ತಿಗೆ ಕಂಪನಿ ಮುಚ್ಚಿತ್ತು, ಅವರಿಗೆ ಸುಳ್ಳು ಹೇಳಿ ಆಗಬೇಕಾದದ್ದೇನೂ ಇರಲಿಲ್ಲ. ಎದ್ದು ಹೋಗಿದ್ದರೂ, ತೆರೆಯದ ದಾಖಲೆಯಲ್ಲಿ ಎರಡು ಹೃದಯಗಳಿವೆ ಎಂದು ನನಗೆ ತಿಳಿಯುವುದು ಹೇಗೆ? ಇಲ್ಲಿಗೆ ಬಂದು ನನ್ನ ಯೋಚನೆ ನಿಲ್ಲುತ್ತದೆ. ಗೊತ್ತಿರುವುದು ಇಷ್ಟೇ: ನಾನು ಕೇಳಬೇಕಾದ ಪ್ರಶ್ನೆಯನ್ನು, ನಾನು ಕೇಳುವ ರೀತಿಯಲ್ಲೇ, ನನ್ನ ಮೇಜಿನಿಂದ ಯಾರೋ ಕೇಳಿದರು. ಅದೂ ಒಂದು ಮನೆಗೆ ಮಾತ್ರ. ಇನ್ನೂ ಮೂವತ್ತು ಮನೆಗಳಿದ್ದವು.

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ವಾಚ್‌ಮನ್‌ನಿಂದ ಬಾಗಿಲು ತೆಗೆಸಿ ಒಳಗೆ ಹೋದೆ. ಒಟ್ಟಿಗೆ ಸಹಿ ಹಾಕಲು ಒಂದು ಗುಂಡಿಯಿದೆ. ಹಾಕಿದ ಸಹಿಯನ್ನು ಹಿಂದಕ್ಕೆ ಪಡೆಯಲು ಅಂಥದ್ದಿಲ್ಲ. ಒಂದೊಂದನ್ನೂ ಬೇರೆಬೇರೆಯಾಗಿ ತೆಗೆದು, ಕಾರಣ ಬರೆಯಬೇಕು. ಮೂವತ್ತೊಂದು ಸಲವೂ ಒಂದೇ ಮಾತು ಬರೆದೆ: ಓದದೆ ಸಹಿ ಮಾಡಿದ್ದೇನೆ. ಒಂದೊಂದೂ ಆಯಾ ಡಾಕ್ಟರಿಗೆ ತಾನಾಗಿ ಹೋಗುತ್ತಿತ್ತು. ಎಂಟೂವರೆಗೆ ಮುರಳೀಧರನ್ ಬಂದು ಪರದೆ ನೋಡಿ, ಏನೂ ಅನ್ನದೆ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬೀರುವಿನ ಕೀಲಿ ಅವರ ಹತ್ತಿರವೇ ಇತ್ತು.

ಉಳಿದ ಮೂವತ್ತರಲ್ಲಿ ಮೊದಲ ಹೆಸರು ವೆಳ್ಳಕೋಯಿಲಿನ ಒಬ್ಬ ಟೈಲರ್‌ದು. ಅವರ ನಂಬರು ಒತ್ತುವಾಗ, ನೀವು ಮೊನ್ನೆಯೇ ಫೋನ್ ಮಾಡಿದ್ದಿರಲ್ಲ ಎಂದಾರೆಂದು ಕಾದೆ. ಅವರು ಹಾಗೆ ಹೇಳಲಿಲ್ಲ. ಯಾರು ಬೇಕು ಎಂದರು. ನನ್ನ ಹೆಸರು ಹೇಳಿ, ನನಗೆ ಬರುವ ತಮಿಳಿನಲ್ಲಿ, ನಿಮ್ಮ ದಾಖಲೆಯನ್ನು ಓದದೆಯೇ ನಾನು ವರದಿ ಕಳಿಸಿದ್ದೆ, ಈಗ ಓದಲು ಕೂತಿದ್ದೇನೆ, ನಾನು ತಿರುಗಿ ಫೋನ್ ಮಾಡುವವರೆಗೆ ಮನೆಯಲ್ಲೇ ಇರಿ ಎಂದೆ.