ಬೈ-ಟು ಕಾಫಿಯ ಇನ್ನೊಂದು ಲೋಟ

ಮೊನ್ನೆ ಶಿವಮೊಗ್ಗದ ಕೋಟೆ ಕಡೆ ಸ್ವಲ್ಪ ಕೆಲಸವಿತ್ತು. ಮುಗಿಸಿಕೊಂಡು ದೇವಸ್ಥಾನದ ಹತ್ತಿರದ ಹೋಟೆಲಿಗೆ ಹೋದವಳು ಬಾಯಿತಪ್ಪಿ "ಒಂದು ಬೈ-ಟು ಕಾಫಿ" ಅಂದುಬಿಟ್ಟೆ. ಕೌಂಟರಿನವರು ಎರಡು ಲೋಟಕ್ಕೆ ಅರ್ಧರ್ಧ ಹಾಕಿ ಮುಂದಿಟ್ಟು, ನನ್ನ ಹಿಂದೆ ಯಾರಾದರೂ ಇದ್ದಾರಾ ಅಂತ ನೋಡಿದರು. "ಇನ್ನೊಬ್ರು ಬರ್ತಾರಾ ಮೇಡಂ?" ಬರ್ತಾರೆ ಅಂತ ತಲೆಯಾಡಿಸಿ, ಎರಡೂ ಲೋಟ ಎತ್ತಿಕೊಂಡು ಮೂಲೆಯ ಮೇಜಿಗೆ ಹೋಗಿ ಕೂತೆ. ಯಾಕೆ ಹಾಗೆ ಸುಳ್ಳು ಹೇಳಿದೆನೋ… ಡಿಕಾಕ್ಷನ್ನಿನ ವಾಸನೆ ಮೂಗಿಗೆ ಬಂದ ಕೂಡಲೇ ಎದೆ ಡವಡವ ಅನ್ನತೊಡಗಿತ್ತು. ಈ ವಾಸನೆಯ ಜೊತೆ ನನಗೆ ನೆನಪಾಗುವವರು ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್.

ಆಗ ನಾನು ಬಿಎಸ್‌ಸಿ ಕೊನೇ ವರ್ಷ. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಿಂದ ದಿನಾ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಓಡಾಟ. ಎದ್ದ ಕೂಡಲೇ ಅಮ್ಮನ ಕೈಯಿಂದ ಎರಡು ಲೋಟ ಕಾಫಿ, ಬಸ್ ಸ್ಟ್ಯಾಂಡಿನಲ್ಲಿ ಒಂದು, ಮೊದಲ ಪೀರಿಯಡ್ ಮುಗಿದರೆ ಕ್ಯಾಂಟೀನಿನಲ್ಲಿ ಇನ್ನೊಂದು. ಸಂಜೆಯೊಳಗೆ ಏಳೆಂಟಾದರೂ ಆಗುತ್ತಿತ್ತು. ಒಂದು ತಪ್ಪಿದರೆ ತಲೆ ಸಿಡಿಯುತ್ತಿತ್ತು, ಕುಡಿದರೆ ಕೈ ನಡುಗುತ್ತಿತ್ತು. ಎದೆ ಹೊಡೆದುಕೊಳ್ಳುವುದು ಪರೀಕ್ಷೆಯ ಹೆದರಿಕೆಗೋ ಕಾಫಿಗೋ ತಿಳಿಯದೆ, ಆ ಹೆದರಿಕೆಗೇ ಇನ್ನೊಂದು ಕಾಫಿ ಕುಡಿಯುತ್ತಿದ್ದೆ. ಅಂಥಾ ಬುದ್ಧಿವಂತೆ ನಾನು.

ಬೇರೆ ಯಾವುದಾದರೂ ವಿಷಯ ತೆಗೆದುಕೊಂಡಿದ್ದರೆ ನಡುಗುವ ಕೈಯಲ್ಲೂ ಹೇಗೋ ದಾಟಿಬಿಡುತ್ತಿದ್ದೆ. ಆದರೆ ನಮಗೆ ಟೈಟ್ರೇಷನ್ ಇತ್ತು. ಬ್ಯುರೆಟ್ ಅನ್ನುವ ಉದ್ದದ ಗಾಜಿನ ಕೊಳವೆಯ ಕೊಳಾಯಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಕೆಳಗಿನ ಫ್ಲಾಸ್ಕಿಗೆ ಹನಿಹನಿಯಾಗಿ ಬಿಡಬೇಕು. ನೀರಿನ ಬಣ್ಣದ್ದು ತೆಳು ಗುಲಾಬಿಯಾದ ಹನಿಗೇ ನಿಲ್ಲಿಸಬೇಕು. ನನ್ನ ಬೆರಳು ಅದುರಿ ನಾಲ್ಕು ಹನಿ ಒಟ್ಟಿಗೆ ಬಿದ್ದು ಫ್ಲಾಸ್ಕೆಲ್ಲ ಕಡು ಗುಲಾಬಿ, ರಾಣಿ ಬಣ್ಣ. ಮತ್ತೆ ಮಾಡು, ಮತ್ತೆ ರಾಣಿ ಬಣ್ಣ. ಪ್ರಾಕ್ಟಿಕಲ್‌ನಲ್ಲಿ ಅಂಕ ಹೋದರೆ ಎಂಎಸ್‌ಸಿ ಸೀಟೂ ಹೋದಂತೆಯೇ. ಅದೊಂದನ್ನೇ ನೆಚ್ಚಿಕೊಂಡಿದ್ದೆ.

ಅಟೆಂಡರ್ ನನ್ನ ಅಪ್ಪನಿಗಿಂತ ದೊಡ್ಡವರು. ಆದರೂ ಕಾಲೇಜಿಗೆಲ್ಲ ಅವರು ಅಣ್ಣ. ಬೂದು ಬಣ್ಣದ ಯೂನಿಫಾರ್ಮ್, ಜೇಬಿನಲ್ಲಿ ಗಾಜು ಒರೆಸುವ ಬಿಳಿ ಬಟ್ಟೆ. ಅಷ್ಟು ವರ್ಷಗಳಲ್ಲಿ ತಮ್ಮ ಕೈಯಿಂದ ಒಂದು ಬ್ಯುರೆಟ್ಟೂ ಒಡೆದಿಲ್ಲ ಅಂತ ಹೊಸ ಬ್ಯಾಚಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಒಂದು ದಿನ ನನ್ನ ಮೂರನೇ ರಾಣಿ ಬಣ್ಣವನ್ನು ಸಿಂಕಿಗೆ ಚೆಲ್ಲುತ್ತಾ, "ಎಷ್ಟು ಕಾಫಿ ಕುಡೀತೀಯ ಮಾರಾಯ್ತಿ?" ಅಂದರು. ನಾನು ಮೂರು ಅಂದೆ. ಅವರು ನಕ್ಕರು. "ನಾನೂ ಹಂಗೇ ಹೇಳ್ತಿದ್ದೆ, ಮನೇಲಿ."

ಅವರದೂ ನನ್ನ ಹಾಗೆಯೇ ಏಳೆಂಟರ ಚಟವಂತೆ. ಹಾಗಾಗಿ ಒಂದು ಒಪ್ಪಂದ ಮಾಡಿದರು. ಮನೆಯಲ್ಲಿ ಬೆಳಿಗ್ಗೆ ಒಂದು, ಆಮೇಲೆ ಕಾಲೇಜಿನಲ್ಲಿ ಎರಡೇ ಸಲ, ಅದೂ ಅವರ ಜೊತೆ ಬೈ-ಟು. ಅವರೂ ಅಷ್ಟೇ. "ಕೊಳಾಯಿ ಒಂದೇ ಸಲಕ್ಕೆ ಮುಚ್ಚಬಾರದು, ತಲೆನೋವು ಬರ್ತದೆ. ನಿಧಾನಕ್ಕೆ ತಿರುಗಿಸೋಣ." ಹನ್ನೊಂದಕ್ಕೆ ಒಮ್ಮೆ, ಮೂರಕ್ಕೆ ಒಮ್ಮೆ ಕ್ಯಾಂಟೀನಿನ ಕಿಟಕಿ ಹತ್ತಿರ ನಿಂತು ಅರ್ಧರ್ಧ ಕುಡಿಯುತ್ತಿದ್ದೆವು. ತಮ್ಮ ಲೋಟದಲ್ಲಿ ಒಂದು ಗುಟುಕು ಹೆಚ್ಚಿದ್ದರೆ ನನ್ನದಕ್ಕೆ ಸುರಿಯುವವರೂ ಅವರೇ.

ಈಗ ನನ್ನ ಘನಕಾರ್ಯ ಹೇಳುತ್ತೇನೆ. ನಮ್ಮ ಹುಡುಗ ಹುಡುಗಿಯರಲ್ಲಿ ಒಂದು ನಂಬಿಕೆ ಇತ್ತು: ಬೈ-ಟು ಕುಡಿದರೆ ಕುಡಿದ ಹಾಗಲ್ಲ, ಅದು ಬರೀ ಜೊತೆ ಕೊಟ್ಟ ಹಾಗೆ. ಹಾಗಾಗಿ ಬಸ್ಸಿನ ಗೆಳತಿಯ ಜೊತೆ ಒಂದು ಬೈ-ಟು, ಬೆಂಚಿನವಳ ಜೊತೆ ಒಂದು, ಲೈಬ್ರರಿಯಿಂದ ಹೊರಗೆ ಬಂದರೆ ಯಾರಾದರೂ ಕರೆದೇ ಕರೆಯುತ್ತಿದ್ದರು. ಎಲ್ಲಾ ಅರ್ಧವೇ ತಾನೇ ಅಂತ ಸಮಾಧಾನ ಬೇರೆ. ಅಣ್ಣ ಪ್ರತಿ ದಿನ ಕೇಳುವರು, "ಬೇರೆ ಎಲ್ಲೂ ಕುಡಿದಿಲ್ಲ ತಾನೇ?" ನಾನು "ಇಲ್ಲಣ್ಣ" ಅನ್ನುತ್ತಿದ್ದೆ. ಅದು ಸುಳ್ಳು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳುತ್ತಿದ್ದೆ.

ಪರೀಕ್ಷೆಗೆ ಎರಡು ವಾರವಿರುವಾಗ ಲ್ಯಾಬಿನಲ್ಲಿ ಮಾದರಿ ಪರೀಕ್ಷೆ ಇಟ್ಟರು. ಮತ್ತೆ ರಾಣಿ ಬಣ್ಣ. ಸಿಂಕಿನ ಮುಂದೆ ನಿಂತು ಅತ್ತುಬಿಟ್ಟೆ. ಅಣ್ಣ ನನ್ನ ಫ್ಲಾಸ್ಕು ತೊಳೆದಿಟ್ಟು, "ಆ ಅರ್ಧ ಲೋಟವೂ ನಿಂಗೆ ಆಗಿಬರ್ತಿಲ್ಲ ಅಂತ ಕಾಣ್ತದೆ" ಅಂದರು. ಮರುದಿನದಿಂದ ಇಬ್ಬರದೂ ಪೂರ್ತಿ ಬಂದ್. ನಿಧಾನ ಅಂದವರೇ ಕೊಳಾಯಿ ಗಟ್ಟಿಯಾಗಿ ಮುಚ್ಚಿದ್ದರು, ನನ್ನ ಪರೀಕ್ಷೆ ಹತ್ತಿರ ಬಂತೆಂದು. ನಾನು ಮಾತ್ರ ಬಸ್ ಸ್ಟ್ಯಾಂಡಿನ ಬೈ-ಟು ಬಿಡಲಿಲ್ಲ.

ಮೂರನೇ ದಿನ ಅವರು ಹಣೆಗೆ ಒದ್ದೆ ಕರ್ಚೀಫು ಕಟ್ಟಿಕೊಂಡು ಬಂದಿದ್ದರು. ಕಣ್ಣು ಕೆಂಪಗಿತ್ತು. ಸ್ಟ್ಯಾಂಡಿಗೆ ಬ್ಯುರೆಟ್ ಸಿಕ್ಕಿಸುವಾಗ ಕೈ ಅದುರಿತು. ಗಾಜು ಕೆಳಗೆ ಬಿದ್ದು ಚೂರುಚೂರಾಯಿತು. ಇಡೀ ಲ್ಯಾಬು ತಿರುಗಿ ನೋಡಿತು. ಹೊಸದಾಗಿ ಬಂದಿದ್ದ ಲೆಕ್ಚರರ್ ಒಬ್ಬರು ಎಲ್ಲರ ಎದುರಿಗೇ ಕೇಳಿದರು, "ಏನ್ರೀ, ಬೆಳಿಗ್ಗೆಬೆಳಿಗ್ಗೆನೇ ಹಾಕ್ಕೊಂಡ್ ಬಂದಿದೀರಾ?"

"ಇಲ್ಲ ಸಾರ್… ಸ್ವಲ್ಪ ತಲೆನೋವು," ಅಂದರು ಅಣ್ಣ. ಜೀವಮಾನದಲ್ಲಿ ಹೆಂಡ ಮುಟ್ಟದ ಮನುಷ್ಯ. ಬಗ್ಗಿ ಚೂರು ಆರಿಸತೊಡಗಿದರು. ನನ್ನ ಬಾಯಲ್ಲಿ ಇನ್ನೂ ಬೆಳಗಿನ ಬೈ-ಟುವಿನ ಕಹಿ ಇತ್ತು. ಸರ್, ಅವರು ಕುಡಿದಿಲ್ಲ, ನನಗೋಸ್ಕರ ಕಾಫಿ ಬಿಟ್ಟಿದಾರೆ ಅಂತ ಹೇಳಲು ಒಂದು ನಿಮಿಷ ಸಾಕಿತ್ತು. ಆ ಲೆಕ್ಚರರ್ ನನಗೂ ಅಂಕ ಹಾಕಬೇಕಾದವರು, ಅದಕ್ಕೇ ಸುಮ್ಮನಿದ್ದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅವತ್ತು ಸಂಜೆಯಿಂದ ನಿಜವಾಗಿ ಬಿಟ್ಟೆ. ನಾಲ್ಕು ದಿನ ತಲೆ ಎತ್ತಲಾಗಲಿಲ್ಲ. ಬಸ್ಸಿನ ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಹೋಗಿ ಬರುತ್ತಿದ್ದೆ. ಈ ನೋವನ್ನು ಅವರು ನನಗಿಂತ ಮೊದಲೇ ಅನುಭವಿಸಿದ್ದಾರಲ್ಲ ಅಂತ ನೆನೆದಾಗ ಇನ್ನಷ್ಟು ಸಂಕಟ. ಐದನೇ ದಿನ ಎದೆ ತಣ್ಣಗಾಯಿತು. ಪರೀಕ್ಷೆಯ ದಿನ ಕೊಳಾಯಿ ಮೇಲಿಟ್ಟ ಬೆರಳು ಹೇಳಿದ ಮಾತು ಕೇಳಿತು. ಒಂದು ಹನಿ, ಇನ್ನೊಂದು ಹನಿ… ತೆಳು ಗುಲಾಬಿ. ತಲೆಯೆತ್ತಿದರೆ ಡಿಸ್ಟಿಲ್ಡ್ ವಾಟರ್ ಕ್ಯಾನಿನ ಪಕ್ಕ ನಿಂತಿದ್ದ ಅಣ್ಣ ನನ್ನ ಫ್ಲಾಸ್ಕನ್ನೇ ನೋಡುತ್ತಿದ್ದರು. ಹೊರಗೆ ಬಂದ ಮೇಲೆ, "ಗೆದ್ವಲ್ಲ ಮಾರಾಯ್ತಿ, ಇಬ್ರೂ" ಅಂದರು. ಆಗಲಾದರೂ ನಿಜ ಹೇಳಬಹುದಿತ್ತು. ಹೂಂ ಅಣ್ಣ ಅಂದೆ, ಅಷ್ಟೇ. ವಾರ ಕಳೆಯುವಷ್ಟರಲ್ಲಿ ನಾನು ಮತ್ತೆ ಬಸ್ ಸ್ಟ್ಯಾಂಡಿನಲ್ಲಿ ಲೋಟ ಹಿಡಿದು ನಿಂತಿದ್ದೆ.

ಸೀಟು ಸಿಕ್ಕಿತು, ಓದಿದೆ, ಕೆಲಸವೂ ಆಯಿತು. ಅವರು ನಿವೃತ್ತರಾದದ್ದು ಯಾರೋ ಹೇಳಿ ಗೊತ್ತಾಯಿತು. ಹೋಗಿ ಹೇಳಿ ಬರಬೇಕು ಅಂತ ಎಷ್ಟು ಸಲ ಅಂದುಕೊಂಡೆನೋ… ಕೊನೆಗೆ ಹೋದದ್ದು ಅವರು ತೀರಿಕೊಂಡ ಸುದ್ದಿ ಕೇಳಿದ ಮೇಲೆ. ಮನೆ ಕೋಟೆಯಲ್ಲೇ, ಇದೇ ಹೋಟೆಲಿನ ಹಿಂದಿನ ಓಣಿ. ಅವರ ಹೆಂಡತಿ ಕೂರಿಸಿ ಉಪಚಾರ ಮಾಡಿದರು.

"ಹಾಲು ಕೊಡ್ಲಾ ಅಮ್ಮ? ಕಾಫಿಪುಡಿ ಇಲ್ಲ, ಅವ್ರು ಬಿಟ್ಟ ಮೇಲೆ ತರೋದೇ ನಿಂತೋಯ್ತು. ಕಾಲೇಜಲ್ಲಿ ಯಾವ್ದೋ ಹುಡುಗಿಗೆ ಮಾತು ಕೊಟ್ಟಿದ್ರಂತೆ. ರಿಟೈರ್ ಆದ್ರಲ್ಲ, ಇನ್ನಾದ್ರೂ ಒಂದು ಗುಟುಕು ಕುಡೀರಿ ಅಂದ್ರೆ ಕೇಳ್ತಿರಲಿಲ್ಲ. ಆ ಹುಡುಗಿ ಅಲ್ಲಿ ಕುಡೀದೆ ಇರ್ತಾಳೆ, ನಾನು ಇಲ್ಲಿ ಕುಡಿದ್ರೆ ಚೆನ್ನಾಗಿರಲ್ಲ ಅನ್ನೋರು."

ಆ ಹುಡುಗಿ ನಾನೇ ಅಂತ ಹೇಳಲಿಲ್ಲ. ಅವರು ಕೊಟ್ಟ ಹಾಲನ್ನು ಪೂರ್ತಿ ಕುಡಿದು, ಲೋಟ ತೊಳೆದಿಟ್ಟು ಬಂದೆ.

ಮೊನ್ನೆ ಆ ಮೂಲೆಯ ಮೇಜಿನಲ್ಲಿ ನನ್ನ ಪಾಲು ಮುಗಿಸಿದೆ. ಇನ್ನೊಂದು ಲೋಟದ ಮೇಲೆ ಕೆನೆ ಕಟ್ಟಿತ್ತು. ಕೌಂಟರಿನವರು ಮೇಜು ಒರೆಸಲು ಬಂದವರು ಅದನ್ನು ನೋಡಿದರು. "ಬರಲಿಲ್ವಾ ಮೇಡಂ ಅವ್ರು?"

"ಇಲ್ಲ," ಅಂದೆ. "ಅವರು ಕಾಫಿ ಬಿಟ್ಟುಬಿಟ್ಟಿದ್ರು. ಬಿಡ್ತೀನಿ ಅಂತ ಸುಳ್ಳು ಹೇಳಿದ್ದು ನಾನು."

ಅವರಿಗೆ ಏನೂ ಅರ್ಥವಾಗಲಿಲ್ಲ. ಪಾಪ, ಆರಿದ ಲೋಟ ಎತ್ತಿಕೊಂಡು ಒಳಗೆ ಹೋದರು.